ಖಾಲಿ ಬಾಟಲಿ ಎಣಿಸಿದವರು

"ನಾನಲ್ಲ ಸರ್," ಎಂದ ಲಿಖಿತ್. "ನಾನೇ ಆಗಿದ್ರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ."

ಆ ಮಾತನ್ನು ನಾನು ನಂಬಿದೆ. ಇಂದಿರಾನಗರದ ನೂರಡಿ ರಸ್ತೆಯ ಆ ಕಾಫಿ ಅಂಗಡಿಯಲ್ಲಿ ಭಾನುವಾರ ಬೆಳಿಗ್ಗೆ ನನ್ನೆದುರು ಕೂತಿದ್ದ ಈ ಮನುಷ್ಯ ಕಾಕ್‌ಟೇಲ್‌ಗಳ ಬಗ್ಗೆ ಬ್ಲಾಗ್ ಬರೆಯುತ್ತಾನೆ. ನಾನು ಕುರ್ಚಿ ಎಳೆದುಕೊಂಡ ಐದು ನಿಮಿಷದೊಳಗೆ ತನ್ನ ಓದುಗರ ಸಂಖ್ಯೆಯನ್ನು ಎರಡು ಸಲ ಹೇಳಿದ್ದ. ಗುಟ್ಟು ಇಟ್ಟುಕೊಳ್ಳುವ ಪೈಕಿ ಅಲ್ಲ.

ನನ್ನ ಕೈಯಲ್ಲಿ ಉಳಿದಿದ್ದದ್ದು ಒಂದೇ ದಿನ. ಸೋಮವಾರ ಹನ್ನೊಂದಕ್ಕೆ 'ನೈನ್ ಪಿಲ್ಲರ್ಸ್' ಪಬ್ಬಿನ ಮಾಲೀಕ ದತ್ತು ಒಂದು ಕಾಗದ ಮುಂದಿಡುತ್ತಾನೆ. 'ಸ್ಕಾಚ್ ಬಾಟಲಿಗಳಿಗೆ ಅಗ್ಗದ ಮಾಲು ತುಂಬಿದವನು ನಾನೇ, ಮಾಲೀಕರಿಗೆ ಇದೇನೂ ಗೊತ್ತಿರಲಿಲ್ಲ' ಎಂದು ಅದರಲ್ಲಿ ಬರೆದಿದೆ. ಅವನ ಬಾರ್ ಕ್ಯಾಪ್ಟನ್ ಈರೇಶ ಅದಕ್ಕೆ ಸಹಿ ಹಾಕಬೇಕು. ಹಾಕಿದರೆ ಜೈಲು. ಹಾಕದಿದ್ದರೆ ದತ್ತುವೇ ದೂರು ಕೊಡುತ್ತಾನೆ, 'ಮೂರನೇ ಗುಟುಕು' ಎಂಬ ಬ್ಲಾಗಿನಲ್ಲಿ ಪಬ್ಬಿನ ಮಾನ ಕಳೆದವನೂ ಇವನೇ ಎಂದು ಸೇರಿಸಿ.

ಆ ಬ್ಲಾಗಿನವರು ಸಿಕ್ಕರೆ, ಪಬ್ಬಿನೊಳಗೆ ನಡೆಯುತ್ತಿದ್ದದ್ದು ಅವರಿಗೆ ಹೇಗೆ ತಿಳಿಯಿತೆಂದು ಹೇಳಿದರೆ, ಈರೇಶ ಬಚಾವಾಗುತ್ತಾನೆ. ಆದರೆ ಅವರನ್ನು ಕಂಡವರು ಇಲ್ಲ. ಹೆಸರು ಕೂಡ ಯಾರಿಗೂ ಗೊತ್ತಿಲ್ಲ.

"ಒಂದು ಮಾತು ಕೇಳ್ತೀನಿ, ಬೇಜಾರಾಗ್ಬೇಡಿ," ಎಂದೆ. "ಕುಡಿಯೋದು ಸರಿ. ಕುಡಿದದ್ದನ್ನ ಕೂತು ಬರೆಯೋದು ಯಾಕ್ರೀ?"

ಕುತೂಹಲಕ್ಕೆ ಕೇಳಿದ್ದಲ್ಲ. ಅಬಕಾರಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಸವೆಸಿ, ನಿವೃತ್ತಿಯಾದ ಮೇಲೆ ಕಮ್ಮನಹಳ್ಳಿಯ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ 'ಪೀರಪ್ಪ, ಖಾಸಗಿ ವಿಚಾರಣೆ' ಎಂದು ಬೋರ್ಡು ತಗುಲಿಸಿದವನು ನಾನು. ಒಬ್ಬರು ಒಂದು ಕೆಲಸ ಯಾಕೆ ಮಾಡುತ್ತಾರೆಂದು ಗೊತ್ತಾದರೆ, ಅವರ ಮನೆ ಬಾಗಿಲು ಹುಡುಕುವುದು ಅರ್ಧ ಮುಗಿದ ಹಾಗೆ.

ಲಿಖಿತ್ ಲೋಟ ತಿರುಗಿಸುತ್ತಾ ಕೂತ. "ಮೊದಲು ಮರೀಬಾರ್ದು ಅಂತ ಬರ್ಕೊಂಡೆ ಸರ್. ಮೂರನೇ ಕಾಕ್‌ಟೇಲ್ ಹೊತ್ತಿಗೆ ಮೊದಲನೇದು ಹೆಂಗಿತ್ತು ಅಂತ ನೆನಪಿರಲ್ಲ. ಆಮೇಲೆ ಜನ ಓದೋಕೆ ಶುರು ಮಾಡಿದ್ರು. ಆಮೇಲೆ ಪಬ್ಬಿನೋರು ಕರೆಯೋಕೆ ಶುರು ಮಾಡಿದ್ರು."

"ಬಿಟ್ಟಿ?"

"ಬಿಟ್ಟಿ ಅನ್ಬೇಡಿ ಸರ್. ಇನ್ವಿಟೇಶನ್."

"ಅಷ್ಟೇನಾ?"

"ಅಷ್ಟೇ ಅಲ್ಲ. ಆಫೀಸಲ್ಲಿ ನಾನು ಕಳ್ಸೋ ಮೇಲ್ ಯಾರೂ ಪೂರ್ತಿ ಓದಲ್ಲ. ಇಲ್ಲಿ ಒಂದು ಜಿನ್ ಬಗ್ಗೆ ಬರೆದ್ರೆ, ಯಾರೋ ಮಂಗಳೂರಿಂದ ಕೂತ್ಕೊಂಡು ಪೂರ್ತಿ ಓದಿ, ನೀವು ಹೇಳಿದ್ದು ಸರಿ ಅಂತಾರೆ. ಅದಕ್ಕೆ ಬರೀತೀನಿ."

ಹುಡುಗ ನನಗೆ ಇಷ್ಟವಾದದ್ದು ಆಗಲೇ.

"ಮೂರನೇ ಗುಟುಕಿನವರು?"

"ಅವರು ನಮ್ಮ ಥರ ಅಲ್ಲ ಸರ್. ಬಾರ್ ಓಪನಿಂಗ್, ಗೋವಾದಲ್ಲಿ ಡಿಸ್ಟಿಲರಿ ಟೂರ್, ಎಷ್ಟು ಸಲ ಮೆಸೇಜ್ ಮಾಡಿದೀನಿ ಗೊತ್ತಾ. ಒಂದೇ ಉತ್ತರ. 'ಆಗುವುದಿಲ್ಲ, ಕ್ಷಮಿಸಿ, ಮನೆಯಲ್ಲಿ ಕೆಲಸ ಇದೆ.' ಕುಡಿಯೋದ್ರ ಬಗ್ಗೆ ಬರೆಯೋರು ಯಾರಾದ್ರೂ ಬಿಟ್ಟಿ... ಇನ್ವಿಟೇಶನ್ ಬೇಡ ಅಂತಾರಾ?"

ಅವನು ಫೋನಿನಲ್ಲಿ ಬ್ಲಾಗ್ ತೆಗೆದು ತೋರಿಸಿದ. ಮೂರು ದಿನ ಕೂತು ನಾನೂ ಅದನ್ನು ಓದಿದ್ದೆ. ನೂರ ನಲವತ್ತಮೂರು ಬರಹ, ಶಾಲೆಯ ಹಲಗೆಯ ಮೇಲೆ ಬರೆದಂಥ ಅಚ್ಚುಕಟ್ಟು ಕನ್ನಡ. ಪ್ರತಿ ಬರಹದ ತಲೆಯಲ್ಲೂ ಒಂದು ಫೋಟೋ.

"ಫೋಟೋ ನೋಡಿ. ನಾವೆಲ್ಲ ಗ್ಲಾಸ್ ಹಾಕ್ತೀವಿ, ಮೇಲೊಂದು ಕಿತ್ತಳೆ ಸಿಪ್ಪೆ. ಇವರು ಹಾಕೋದು ಖಾಲಿ ಬಾಟಲಿ, ಬಿಸಿಲಿಗೆ ಹಿಡಿದು. ನಾವು ಅದು ಸ್ಟೈಲ್ ಅನ್ಕೊಂಡಿದೀವಿ. ಬರೆಯೋದೂ ಹಂಗೇ. ತಲೆನೋವು ಇಲ್ಲ, ಕಿಕ್ ಇಲ್ಲ. ಬರೀ ಮೂಗು. ಆದ್ರೆ ಆ ಮೂಗಿನ ಮುಂದೆ ನಾವ್ಯಾರೂ ಲೆಕ್ಕಕ್ಕಿಲ್ಲ ಸರ್."

ಕೊನೆಯ ಬರಹವನ್ನು ನಾನೇ ಜೋರಾಗಿ ಓದಿದೆ. ಹನ್ನೆರಡು ದಿನದ ಹಿಂದೆ ಬಂದದ್ದು, ಈರೇಶನ ಕೊರಳಿಗೆ ಸುತ್ತಿಕೊಂಡದ್ದು ಇದೇ.

"'ನೈನ್ ಪಿಲ್ಲರ್ಸ್‌ನಲ್ಲಿ ತಿಂಗಳಿಗೆ ನಲವತ್ತು ಬಾಟಲಿ ಸ್ಕಾಚ್ ಖರ್ಚಾಗುತ್ತದೆ. ಎಂಟು ತಿಂಗಳಿಂದ ಅದರ ಒಂದು ಖಾಲಿ ಬಾಟಲಿಯೂ ಆಚೆ ಬಂದಿಲ್ಲ. ಅಲ್ಲಿ ಕುಡಿದು ನೋಡಿ. ಗಂಟಲಲ್ಲಿ ಉರಿ ಮೊದಲು, ರುಚಿ ಆಮೇಲೆ. ಅಸಲಿಯಲ್ಲಿ ಹಾಗಿರುವುದಿಲ್ಲ.'"

"ನೋಡಿದ್ರಾ," ಎಂದ ಲಿಖಿತ್. "ಇಷ್ಟು ವರ್ಷದಿಂದ ಕುಡೀತಿದೀನಿ, ಖಾಲಿ ಬಾಟಲಿ ಎಲ್ಲಿಗೆ ಹೋಗತ್ತೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಇವರಿಗೆ ಹೆಂಗೆ ಗೊತ್ತು?"

ಮೂರು ದಿನದಿಂದ ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಕುಡಿಯುವವರು ತುಂಬಿದ ಬಾಟಲಿಯನ್ನು ನೋಡುತ್ತಾರೆ. ಖಾಲಿಯಾದದ್ದು ಬಾರಿನಿಂದ ಆಚೆ ಬಂತೋ ಇಲ್ಲವೋ ಎಂದು ನೋಡುವವರು ಬೇರೆ. ದುಬಾರಿ ಬಾಟಲಿ ಮುಗಿದ ಕೂಡಲೇ ಲೇಬಲ್ಲಿನ ಮೇಲೆ ಅಡ್ಡ ಗೀಚಿ ಗುಜರಿಗೆ ಹಾಕಬೇಕು, ಇಲ್ಲದಿದ್ದರೆ ಯಾರಾದರೂ ಅದಕ್ಕೇ ಮತ್ತೆ ತುಂಬಿ ಮಾರುತ್ತಾರೆ. ನೌಕರಿಯಲ್ಲಿದ್ದಾಗ ಬಾರುಗಳಲ್ಲಿ ನಿಂತು ಎಷ್ಟು ಲೇಬಲ್ ಗೀಚಿಸಿದ್ದೇನೋ ಲೆಕ್ಕವಿಲ್ಲ. ಗೀಚಿದ ಬಾಟಲಿ ಆಮೇಲೆ ಎಲ್ಲಿಗೆ ಹೋಗುತ್ತದೆಂದು ಒಂದು ದಿನವೂ ಯೋಚಿಸಿರಲಿಲ್ಲ. ಪಿಂಚಣಿ ತೆಗೆದುಕೊಳ್ಳಲು ನಾಚಿಕೆಯಾಗುವಂಥ ವಿಷಯ.

ಫುಟ್‌ಪಾತಿನಲ್ಲೇ ನಿಂತು, ಈ ಕೆಲಸ ನನಗೆ ಒಪ್ಪಿಸಿದ್ದ ಈರೇಶನ ಹೆಂಡತಿ ಮಾನಮ್ಮನಿಗೆ ಫೋನ್ ಮಾಡಿದೆ. ಲಿಂಗಸೂಗೂರು ಕಡೆಯವರು, ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ಕೋಣೆ. ನನ್ನದು ಸಿಂದಗಿ. ಅವಳ ಜೊತೆ ಮಾತಾಡುವಾಗ ನನ್ನ ನಾಲಿಗೆ ತಾನಾಗಿಯೇ ಊರಿಗೆ ಹೋಗುತ್ತದೆ.

"ತಂಗಿ, ಪಬ್ಬಿನ ಖಾಲಿ ಬಾಟ್ಲಿ ಯಾರು ಒಯ್ತಾರ?"

"ಶಿವಾಜಿನಗರದಾಗ ಅಹ್ಮದ್ ಪಾಷಾ ಅಂತ ಗುಜರಿ ಅಂಗಡಿಯವ್ರು ಅದಾರಂತ್ರಿ ಅಣ್ಣಾರ. ಗುರುವಾರಕ್ಕೊಮ್ಮೆ ಅವ್ರ ಗೂಡ್ಸ್ ಆಟೋ ಬರ್ತೈತಿ. ನಮ್ಮ ಮನಿಯವ್ರೇ ಕ್ರೇಟ್ ಎತ್ತಿ ಕೊಡ್ತಿದ್ರು. ಲೇಬಲ್ ಮ್ಯಾಲ ಎರಡು ಗೀರು ಎಳ್ಯಾಕ ಬೇಕಂತ ಹುಡುಗ್ರಿಗೆ ಕಲಿಸಿದ್ದೂ ಇವ್ರೇರಿ."

"ಈಗ ಏನ್ ಮಾಡಾಕತ್ಯಾನ?"

"ಗ್ವಾಡಿ ನೋಡ್ಕೊಂತ ಕುಂತಾರ. ನಿನ್ನಿಯಿಂದ ಸರಿ ಉಂಡಿಲ್ಲ. ಅವ್ರು ತುಂಬಿಲ್ರಿ. ಬರಿಯೋರು ಸಿಕ್ಕ್ರ ಅಷ್ಟು ಹೇಳಿಸ್ರಿ, ಸಾಕು."

"ಸಂಜಿ ಒಳಗ ಅವರ ಬಾಯಿಂದ್ಲೇ ಹೇಳಿಸ್ತೀನಿ," ಎಂದೆ.

ಇಡೀ ನೌಕರಿಯಲ್ಲಿ ಯಾರಿಗೂ ಹೀಗೆ ಮಾತು ಕೊಟ್ಟವನಲ್ಲ. ಅವಳು ಅಣ್ಣಾರ ಅನ್ನುವ ರೀತಿಗೆ ಕೊಟ್ಟುಬಿಟ್ಟೆ.

ಮೆಟ್ರೋದಲ್ಲಿ ಕೂತಾಗ ಈರೇಶನದೇ ಮುಖ ನೆನಪಾಗುತ್ತಿತ್ತು. ಆ ಬ್ಲಾಗ್ ಬರೆಯುವವರು ಯಾರು ಎಂದು ಮೂರು ಸಲ ಕೇಳಿದ್ದೆ. ಮೂರು ಸಲವೂ 'ಗೊತ್ತಿಲ್ರಿ ಸರ್' ಎಂದಿದ್ದ, ಅದೇ ದನಿ, ಅದೇ ಎರಡು ಮಾತು. ಹೆದರಿದವರು ಹಾಗೇ ಹೇಳುತ್ತಾರೆ ಎಂದುಕೊಂಡು ಮುಂದೆ ಹೋಗಿದ್ದೆ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅಹ್ಮದ್ ಪಾಷಾ ಅವರ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಕೋಳಿ ಅಂಗಡಿ ದಾಟಿ, ಬಟ್ಟೆ ರಾಶಿಗಳನ್ನು ದಾಟಿ, ಬಾಗಿಲಿನವರೆಗೂ ಗೋಣಿಚೀಲ ಒಟ್ಟಿದ ಕಡೆ ನಿಂತೆ. ಎಪ್ಪತ್ತು ದಾಟಿದ ಹಿರಿಯರು, ಬಿಳಿ ಟೋಪಿ, ಸ್ಟೂಲಿನ ಮೇಲೆ ಚಹಾ. ಅಬಕಾರಿಯಲ್ಲಿದ್ದವನು ಎಂದ ಕೂಡಲೇ ಎದ್ದು ನಿಂತರು.

"ಏನಾದ್ರೂ ತೊಂದ್ರೆನಾ ಸಾಬ್?"

"ನಿಮ್ಮಿಂದ ಏನೂ ಇಲ್ಲ. ಒಂದು ಪಬ್ಬಿಂದ ಬಂದಿರೋ ಬಾಟಲಿ ನೋಡ್ಬೇಕಿತ್ತು."

"ನೋಡಿ. ನಮಗೆ ಬಾಟಲಿ ಅಂದ್ರೆ ಗಾಜು, ಅಷ್ಟೇ. ಒಳಗೆ ಏನಿತ್ತು ಅನ್ನೋದು ನಮಗೆ ಬೇಡ. ನಲವತ್ತು ವರ್ಷದಿಂದ ಹಂಗೇ ನಡೆಸ್ಕೊಂಡು ಬಂದಿದೀನಿ." ಹೆಮ್ಮೆಯಿಂದಲೇ ಹೇಳಿದರು. "ವಿಂಗಡಿಸೋದು ನನ್ನ ತಂಗಿ. ಹಿಂದೆ ಅಂಗಳದಲ್ಲಿದ್ದಾಳೆ, ಹೋಗಿ."

ಅಂಗಳದಲ್ಲಿ ನೀರಿನ ತೊಟ್ಟಿ, ಸುತ್ತ ಕ್ರೇಟುಗಳು, ಮಧ್ಯೆ ಮಣೆಯ ಮೇಲೆ ಒಬ್ಬ ಹೆಂಗಸು. ಐವತ್ತೈದರ ಆಸುಪಾಸು, ತಲೆಯ ಮೇಲೆ ಸೆರಗು, ತೋಳು ಮೊಣಕೈಯವರೆಗೆ ಒದ್ದೆ. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು ನೋಡಿದೆ.

ಒಂದು ಬಾಟಲಿ ಎತ್ತಿಕೊಳ್ಳುವುದು, ಮುಚ್ಚಳ ತಿರುಗಿಸುವುದು, ಬಾಯಿಯನ್ನು ಮೂಗಿನ ಹತ್ತಿರ ತಂದು ಒಂದು ಉಸಿರು, ಆಮೇಲೆ ತೊಟ್ಟಿಗೆ. ಇನ್ನೊಂದು ಬಾಟಲಿ, ಮತ್ತೆ ಮೂಗಿಗೆ. ಬಾಟಲಿ ವಿಂಗಡಿಸಲು ಬಣ್ಣ ನೋಡಿದರಾಯಿತು, ಅಳತೆ ನೋಡಿದರಾಯಿತು. ಮೂಗಿನ ಕೆಲಸ ಅದರಲ್ಲಿಲ್ಲ.

ಒಂದು ಕ್ರೇಟ್ ಬೋರಲು ಹಾಕಿ ಕೂತು, ಚೀಲದಿಂದ ಬ್ಲಾಗಿನ ಹಾಳೆಗಳನ್ನು ತೆಗೆದು ನಡುವೆ ಇಟ್ಟೆ. ಮೇಲಿನ ಹಾಳೆಯ ಖಾಲಿ ಬಾಟಲಿಯ ಚಿತ್ರವನ್ನು ಅವರು ನೋಡಿದರು. ಆಮೇಲೆ ಅಣ್ಣ ಕೂತಿದ್ದ ಕಡೆಯ ಬಾಗಿಲನ್ನು ನೋಡಿದರು.

"ಇದೇನು ಸಾರ್? ನಂಗೆ ಓದೋಕೆ ಬರಲ್ಲ."

ನಾನು ವಾದಕ್ಕೆ ಹೋಗಲಿಲ್ಲ. ಪಕ್ಕದ ಕ್ರೇಟಿನಿಂದ ಒಂದು ಬಾಟಲಿ ತೆಗೆದು, ಲೇಬಲ್ಲನ್ನು ಅಂಗೈಯಲ್ಲಿ ಮುಚ್ಚಿ ಅವರ ಮುಂದೆ ಹಿಡಿದೆ. "ಇದು ಯಾವುದು ಹೇಳಿ ಆಪಾ."

"ನಂಗೇನು ಗೊತ್ತು," ಎನ್ನುತ್ತಲೇ ಮೂಗು ಮುಂದೆ ಬಂತು. "ಗೋವಾದ್ದು, ಗೇರುಹಣ್ಣಿಂದು. ಅದನ್ನ ಯಾರು ಬೇಕಾದ್ರೂ ಹೇಳ್ತಾರೆ. ಎಷ್ಟು ದಿನದ್ದು ಅಂತ ಕೇಳಿ, ಅದು ಕಷ್ಟ. ನಾಲ್ಕು ದಿನ ಆಗಿದೆ. ಮುಚ್ಚಳ ಸರಿಯಾಗಿ ಹಾಕಿಲ್ಲ, ಅದಕ್ಕೇ ಇಷ್ಟು ಹುಳಿ."

ಹೇಳಿ ಮುಗಿಸಿದ ಮೇಲೆ ನನ್ನ ಮುಖ ನೋಡಿದರು. ಸಿಕ್ಕಿಬಿದ್ದದ್ದು ಗೊತ್ತಾಗಿ ನಕ್ಕರು, ಶಾಲೆಯಲ್ಲಿ ಉತ್ತರ ತಡೆದುಕೊಳ್ಳಲಾಗದ ಹುಡುಗಿಯ ಹಾಗೆ.

"ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದರು. "ಅಣ್ಣ ಹಜ್‌ಗೆ ಹೋಗಿ ಬಂದವನು."

ಅವರ ಹೆಸರು ಬದ್ರುನ್ನೀಸಾ.

"ನೀವು ಕುಡಿಯೋದಿಲ್ಲ."

"ತೋಬಾ. ತುಟಿಗೂ ತಾಗಿಸಿಲ್ಲ."

"ಮತ್ತೆ ಯಾಕೆ ಬರೀತೀರಿ?"

ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಉತ್ತರ ಹೇಳಲು ತುಂಬಾ ದಿನದಿಂದ ಕಾದಿದ್ದವರಂತೆ ಒಂದೇ ಸಮನೆ ಹೇಳಿದರು.

"ನಮ್ಮಪ್ಪನದು ಇದೇ ಓಣೀಲಿ ಅತ್ತರಿನ ಅಂಗಡಿ. ಲಾವಂಚದ ಅತ್ತರು ಎರಡು ಶೀಷೆ ಇಟ್ರೆ, ಯಾವುದು ಹೋದ ವರ್ಷದ್ದು, ಯಾವುದು ಈ ವರ್ಷದ್ದು ಅಂತ ನಾನು ಹತ್ತನೇ ವಯಸ್ಸಲ್ಲೇ ಹೇಳ್ತಿದ್ದೆ. ಅಪ್ಪ ಗಿರಾಕಿಗಳ ಮುಂದೆ ನನ್ನ ಕಣ್ಣು ಕಟ್ಟಿ ಕೂರಿಸ್ತಿದ್ದ. ಹದಿಮೂರಾದ ಮೇಲೆ ಅಂಗಡೀಲಿ ಕೂರೋದು ಬಿಡಿಸಿದ್ರು. ಅಪ್ಪ ಹೋದ, ಅತ್ತರಿನ ಅಂಗಡಿ ಹೋಯ್ತು, ಅಣ್ಣ ಗಾಜಿನ ವ್ಯಾಪಾರಕ್ಕೆ ಬಂದ. ನನ್ನ ಯಜಮಾನ್ರು ತೀರ್ಕೊಂಡ ಮೇಲೆ ಮಗನ್ನ ಕರ್ಕೊಂಡು ಇಲ್ಲಿಗೆ ಬಂದೆ. ಹದಿನೆಂಟು ವರ್ಷ ಆಯ್ತು. ಮೂಗು ಮಾತ್ರ ಎಲ್ಲಿಗೂ ಹೋಗ್ಲಿಲ್ಲ ಸಾರ್. ಅದಕ್ಕೆ ಸಿಕ್ಕಿದ್ದು ಇದು."

ಕ್ರೇಟುಗಳ ಕಡೆ ಕೈ ತೋರಿಸಿದರು.

"ಬಾರಿನೋರು ಕಾಕ್‌ಟೇಲಿಗೆ ಅಂತ ಮೊದ್ಲೇ ಬೆರೆಸಿಟ್ಟ ಬಾಟಲಿಗಳೂ ಬರ್ತವೆ. ಅದರ ವಾಸನೆ ನೋಡಿದ್ರೆ ಬೆರೆಸಿದೋರು ಕೈ ಪಳಗಿದೋರಾ, ಹೊಸಬರಾ ಅಂತ ಗೊತ್ತಾಗತ್ತೆ. ಅತ್ತರಿಗೂ ಇದಕ್ಕೂ ಬೆರೆಸೋ ಲೆಕ್ಕ ಒಂದೇ. ಇದನ್ನ ನಾನು ಯಾರಿಗೆ ಹೇಳ್ಲಿ? ಅಣ್ಣನಿಗಾ? ಪಕ್ಕದ ಮನೆಯೋರಿಗಾ? ಗೊತ್ತಿರೋದನ್ನ ಕೇಳೋರು ಯಾರೂ ಇಲ್ದಿದ್ರೆ ಅದು ಹಲ್ಲುನೋವಿನ ಥರ ಸಾರ್, ಕೆಲಸ ಮಾಡ್ತಾನೇ ಇರ್ತೀವಿ, ನೋವು ಇದ್ದೇ ಇರತ್ತೆ."

"ಬ್ಲಾಗ್ ಹೇಗೆ ಶುರುವಾಯ್ತು?"

"ಮಗ ಫೋನ್ ಕೊಡ್ಸಿದ. ಅದ್ರಲ್ಲಿ ಇಂದಿರಾನಗರದ ಒಬ್ಬ ಹುಡುಗ ಬರೆದದ್ದು ಕಣ್ಣಿಗೆ ಬಿತ್ತು. ಯಾವುದೋ ಜಿನ್ನಿನಲ್ಲಿ ಏಲಕ್ಕಿ ಇದೆ ಅಂತ ಬರೆದಿದ್ದ. ಅದೇ ಬಾಟಲಿ ನನ್ನ ಕೈಲಿತ್ತು. ಏಲಕ್ಕಿ ಅಲ್ಲ, ಜಾಯಿಕಾಯಿ. ಎರಡು ದಿನ ತಡ್ಕೊಂಡೆ. ಆಗ್ಲಿಲ್ಲ. ತಿದ್ದೋಣ ಅಂತ ಬರೆದೆ. ಪಾಪ, ಅವನೇ ಇನ್ನೂ ಬರೀರಿ ಅಂದ."

ಲಿಖಿತ್‌ಗೆ ಇದನ್ನು ಎಂದಾದರೂ ಹೇಳಬೇಕು ಎಂದುಕೊಂಡೆ.

"ಮೂರನೇ ಗುಟುಕು ಅಂತ ಯಾಕೆ ಹೆಸರಿಟ್ರಿ?"

"ಮೊದಲನೇ ಗುಟುಕಿನ ಬಗ್ಗೆ ಎಲ್ಲರೂ ಬರೀತಾರೆ. ಮೂರನೇದು ಅಂದ್ರೆ, ಇವರು ಮೊದಲನೇದೇ ಕುಡಿದಿಲ್ಲ ಅಂತ ಯಾರಿಗೆ ಅನುಮಾನ ಬರತ್ತೆ?"

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ನಾನು ಬಂದ ಕೆಲಸ ಹೇಳಿದೆ. ಈರೇಶನ ಬಗ್ಗೆ, ನಾಳೆ ಹನ್ನೊಂದರ ಕಾಗದದ ಬಗ್ಗೆ, ಕೆ.ಆರ್. ಪುರದ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತವನಿಗೆ ಊಟ ಮಾಡಿಸಲು ಒದ್ದಾಡುತ್ತಿರುವ ಹೆಂಡತಿಯ ಬಗ್ಗೆ. ಅವರು ತಲೆ ತಗ್ಗಿಸಿ ಕೇಳಿದರು.

"ಪಾಪ. ನಾನೇನು ಮಾಡ್ಬೇಕು?"

"ಬರೆದಿದ್ದನ್ನೇ ಹೇಳ್ಬೇಕು. ನೈನ್ ಪಿಲ್ಲರ್ಸ್‌ನಿಂದ ಎಂಟು ತಿಂಗಳಿಂದ ಸ್ಕಾಚ್ ಬಾಟಲಿ ಖಾಲಿ ಬಂದಿಲ್ಲ ಅಂತ. ನಿಮಗೆ ಹೇಗೆ ಗೊತ್ತಾಯ್ತು, ಬಾಟಲಿ ಎಲ್ಲಿ ಉಳೀತು, ಅಷ್ಟೇ."

ಅವರು ತಲೆ ಎತ್ತಿದರು. "ನಾನು ಹಂಗೆ ಬರೆದಿಲ್ವಲ್ಲ."

ಹೆದರಿಕೆ ಎಂದುಕೊಂಡೆ. ಅಣ್ಣ ಹೊರಗಿದ್ದಾರೆ, ಹದಿನೆಂಟು ವರ್ಷದ ಆಸರೆಯ ಮನೆ. ಹೆದರದಿದ್ದರೇ ಆಶ್ಚರ್ಯ. ಕೊನೆಯ ಹಾಳೆಯನ್ನು ಹುಡುಕಿ ಅವರ ಕೈಗೆ ಕೊಟ್ಟೆ. "ನಿಮ್ಮ ಹೆಸರು ಈ ಓಣಿಗೆ ಗೊತ್ತಾಗದ ಹಾಗೆ ನಾನು ನೋಡ್ಕೋತೀನಿ."

ಬದ್ರುನ್ನೀಸಾ ನಿಧಾನವಾಗಿ ಓದಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು. ಬೆರಳ ತುದಿಯ ನೀರು ಹಾಳೆಗೆ ಇಳಿಯಿತು.

"ಹೆದರಿಕೆ ಇಲ್ಲ ಸಾರ್. ಇಲ್ಲಿ ನೋಡಿ. 'ಗಂಟಲಲ್ಲಿ ಉರಿ ಮೊದಲು, ರುಚಿ ಆಮೇಲೆ.' ನಂಗೆ ಗಂಟಲು ಹೇಗೆ ಗೊತ್ತಿರತ್ತೆ?"

ನನ್ನ ಮೇಲೆ ನನಗೇ ಸಿಟ್ಟು ಬಂತು. ಕುಡಿಯದೇ ಬರೆಯುವವರು ಇವರು ಎಂದು ಒಂದು ಗಂಟೆಯಿಂದ ಬೀಗುತ್ತಿದ್ದೆ. ನೂರ ನಲವತ್ತೆರಡು ಬರಹಗಳಲ್ಲಿ ಇಲ್ಲದ ಗಂಟಲು ಕೊನೆಯದರಲ್ಲಿ ಮಾತ್ರ ಇದೆ. ಅದನ್ನೇ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ಜೋರಾಗಿ ಓದಿ ಹೇಳಿದವನೂ ನಾನೇ.

"ಇದನ್ನ ಬರೆದೋರು ಕುಡಿದಿದ್ದಾರೆ," ಎಂದೆ.

"ಹೂಂ."

"ಹನ್ನೆರಡು ದಿನದ ಹಿಂದೆ ನಿಮ್ಮ ಫೋನ್ ಯಾರ ಹತ್ತಿರ ಇತ್ತು?"

ಅವರು ತೊಟ್ಟಿಯಲ್ಲಿ ತೇಲುತ್ತಿದ್ದ ಬಾಟಲಿಯೊಂದನ್ನು ಎತ್ತಿ, ಮತ್ತೆ ಅಲ್ಲೇ ಬಿಟ್ಟರು.

"ಗಾಜು ಒಡೆದಿತ್ತು. ಓವೈಸ್ ರಿಪೇರಿಗೆ ಅಂತ ತಗೊಂಡು ಹೋದವನು ಇನ್ನೂ ವಾಪಸ್ ತಂದಿಲ್ಲ. ನನ್ನ ಮಗ. ಗೂಡ್ಸ್ ಆಟೋ ಓಡಿಸೋದು ಅವನೇ." ಸ್ವಲ್ಪ ತಡೆದು ಹೇಳಿದರು. "ಊರಿನ ಬಾಟಲಿಯೆಲ್ಲ ನಂಗೆ ಗೊತ್ತಾಗತ್ತೆ ಸಾರ್. ಆದ್ರೆ ಈ ಮನೇಲಿ ಯಾರು ಕುಡಿದು ಬಂದ್ರೂ ಗೊತ್ತಾಗಲ್ಲ. ನನ್ನ ಸೀರೆ, ಅಣ್ಣನ ಜುಬ್ಬಾ, ಅವನ ಶರಟು, ಎಲ್ಲದರಲ್ಲೂ ಇದೇ ವಾಸನೆ. ಅಂಗಡೀದು ಅಂತಾನೇ ಅಂದ್ಕೊಂಡೆ."

ಅವರ ಕಣ್ಣಲ್ಲಿ ನೀರಿತ್ತು. ನನಗೆ ಅವರ ಬಗ್ಗೆ ಮರುಕವಾಯಿತು. ಹಾಳೆಗಳನ್ನು ಜೋಡಿಸುತ್ತಾ ಕೂತೆ.

ಓವೈಸ್ ಬರುವವರೆಗೂ ಅಲ್ಲೇ ಕಾದೆ. ಐದು ಗಂಟೆಯ ಹೊತ್ತಿಗೆ ಓಣಿಯಲ್ಲಿ ಆಟೋ ನಿಂತ ಸದ್ದಾಯಿತು. ಇಪ್ಪತ್ತೇಳರ ಯುವಕ ಎರಡು ಕ್ರೇಟ್ ಹೊತ್ತು ಅಂಗಳಕ್ಕೆ ಬಂದ. ನನ್ನನ್ನು ನೋಡಿದ, ಹಾಳೆಗಳನ್ನು ನೋಡಿದ, ಕ್ರೇಟನ್ನು ಇದ್ದಲ್ಲೇ ಇಳಿಸಿದ.

"ಹತ್ರ ಬಾ," ಎಂದರು ತಾಯಿ.

"ಕೈ ತೊಳ್ಕೊಂಡು ಬರ್ತೀನಿ ಅಮ್ಮಿ."

"ಹಂಗೇ ಬಾ."

ಓವೈಸ್ ಬರಲಿಲ್ಲ. ಬಾಗಿಲ ಹತ್ತಿರವೇ ನಿಂತುಕೊಂಡ. ಅಷ್ಟರಲ್ಲೇ ಅವರಿಗೆ ಉತ್ತರ ಸಿಕ್ಕಿತು, ನನಗೂ ಸಿಕ್ಕಿತು.

"ಇದನ್ನ ಬರೆದಿದ್ದು ನೀನಾ?"

"ಒಂದೇ ಸಲ ಅಮ್ಮಿ. ಬೇರೆ ದಾರಿ ಇರ್ಲಿಲ್ಲ."

"ಕುಡಿಯೋದರ ಮಾತು ಆಮೇಲೆ. ಇವರು ಕೇಳಿದ್ದಕ್ಕೆ ಹೇಳು. ಸುಳ್ಳು ಹೇಳ್ಬೇಡ."

ನಾನು ಸುತ್ತಿ ಬಳಸಲಿಲ್ಲ. "ಖಾಲಿ ಬಾಟಲಿ ಎಲ್ಲಿಗೆ ಹೋಗ್ತಿತ್ತು?"

"ಪಬ್ಬಿನ ಮೇಲಿನ ರೂಮಿಗೆ. ಬೀಗದ ಕೈ ದತ್ತು ಸರ್ ಹತ್ರ. ಆ ಒಂದು ಮಾಲಿನ ಲೇಬಲ್ ಗೀಚಬೇಡಿ, ಎತ್ತಿಡಿ ಅಂತ ಅವರೇ ಹೇಳಿದ್ದು. ನಾನು ಕಿವಿಯಾರೆ ಕೇಳಿದೀನಿ."

ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಇದೇ ನನಗೆ ಬೇಕಾದದ್ದು. "ನಾಳೆ ಬಂದು ಇಷ್ಟು ಹೇಳಿಬಿಡು. ದತ್ತು ಹೇಳಿ ಮಾಡಿಸ್ತಿದ್ದ, ಈರೇಶ ತುಂಬಿಲ್ಲ. ಅಷ್ಟು ಸಾಕು."

ಓವೈಸ್ ತಾಯಿಯ ಮುಖ ನೋಡಿದ.

"ಸುಳ್ಳು ಹೇಳ್ಬೇಡ ಅಂತಾರಲ್ಲ ಅಮ್ಮಿ," ಎಂದ. "ದತ್ತು ಸರ್ ಹೇಳಿದ್ದು ನಿಜ. ತುಂಬಿದ್ದು ಈರೇಶಣ್ಣ."

ಆಮೇಲೆ ನನ್ನ ಕಡೆ ತಿರುಗಿದ.

"ಎಂಟು ತಿಂಗಳು ತುಂಬಿದಾರೆ. ಬೇಡ ಅಂದ್ರೆ ಕೆಲಸ ಬಿಡು ಅಂತ ದತ್ತು ಸರ್ ಹೇಳ್ತಿದ್ರಂತೆ. ಒಂದು ಗುರುವಾರ ಕ್ರೇಟ್ ಕೊಡೋಕೆ ಬಂದು ಈರೇಶಣ್ಣ ಅತ್ತುಬಿಟ್ರು. ಒಂದು ಗ್ಲಾಸಲ್ಲಿ ತಂದು ಕೊಟ್ಟು, ಕುಡಿದು ನೋಡು, ನಾನು ಜನಕ್ಕೆ ಏನು ಕುಡಿಸ್ತಿದೀನಿ ಅಂತ ನಿಂಗೆ ಗೊತ್ತಾಗ್ಲಿ ಅಂದ್ರು. ಅಮ್ಮಿ ಬರೆಯೋದು ನಾನೇ ಯಾವಾಗ್ಲೋ ಅವರಿಗೆ ಹೇಳಿದ್ದೆ. ಅದ್ರಲ್ಲಿ ಹಾಕು, ಬಂದ್ ಆಗ್ಲಿ ಅಂದ್ರು. ಹಾಕಿದೆ."

ಹಾಗಾದರೆ ಆ ಕಾಗದದಲ್ಲಿ ಅರ್ಧ ನಿಜವಿದೆ. ಮಾಲೀಕರಿಗೆ ಗೊತ್ತಿರಲಿಲ್ಲ ಎಂಬುದು ಸುಳ್ಳು. 'ತುಂಬಿದವನು ನಾನೇ' ಎಂಬುದು ಸುಳ್ಳಲ್ಲ. ಇವನನ್ನು ನಾಳೆ ಕರೆದುಕೊಂಡು ಹೋಗಿ ನಿಲ್ಲಿಸಿದರೆ ದತ್ತುವಿನ ಜೊತೆ ಈರೇಶನೂ ಸಿಕ್ಕಿಬೀಳುತ್ತಾನೆ, ಈ ಮನೆಯ ಗುಟ್ಟೂ ಬೀದಿಗೆ ಬರುತ್ತದೆ. ನಿಲ್ಲಿಸದಿದ್ದರೆ ದತ್ತು ಪಾರಾಗುತ್ತಾನೆ, ಈರೇಶ ಒಬ್ಬನೇ ಒಳಗೆ ಹೋಗುತ್ತಾನೆ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಮಾನಮ್ಮ.

"ಅಣ್ಣಾರ, ಬರಿಯೋರು ಸಿಕ್ಕ್ರೇನ್ರಿ?"

ತಾಯಿ ಮಗ ಇಬ್ಬರೂ ನನ್ನನ್ನೇ ನೋಡುತ್ತಿದ್ದರು. "ಸಿಕ್ಕ್ರು," ಎಂದೆ. "ಫೋನ್ ಈರೇಶನ ಕೈಗೆ ಕೊಡು ತಂಗಿ."

"ಅವ್ರು ಇಲ್ರಿ. ಅರ್ಧ ತಾಸಿನ ಹಿಂದ ದತ್ತು ಸಾಹೇಬ್ರು ಕಾರ್ ಕಳಿಸಿದ್ರು. ನಾಳಿತನಕ ಯಾಕ, ಇವತ್ತ ಮುಗಿಸಿಬಿಡೂಣು ಅಂದ್ರಂತ. ಇವ್ರು ಇಲ್ಲ ಅನ್ಲಿಲ್ರಿ, ಅಂಗಿ ಹಾಕ್ಕೊಂಡು ಹೊಂಟುಬಿಟ್ರು."

"ಏನೂ ಹೇಳ್ಲಿಲ್ಲೇನು?"

"ಕಾರ್ ಹತ್ತೂ ಮುಂದ ಹೇಳಿದ್ರು. 'ಪೀರಪ್ಪ ಸರ್‌ಗೆ ಫೋನ್ ಹಚ್ಚಿ, ಆ ಬರಿಯೋ ಅಮ್ಮನ್ನ ಹುಡುಕೂದು ಬಿಡ್ರಿ ಅಂತ ಹೇಳು' ಅಂದ್ರು. ಅಣ್ಣಾರ, ಬರಿಯೋರು ಹೆಣ್ಮಗಳು ಅಂತ ಇವ್ರಿಗೆ ಹ್ಯಾಂಗ್ ಗೊತ್ತಿತ್ರಿ?"